ಅಜ್ಜನ ಹಲ್ಲಿನ ಸೆಟ್

ಕಸ್ತೂರಿ ಅಜ್ಜನ ಹಲ್ಲಿನ ಸೆಟ್ಟನ್ನು ಬೋಗುಣಿಯ ನೀರಿನಲ್ಲಿ ಅದ್ದಿ, ಮೆತ್ತನೆಯ ಬ್ರಷ್‌ನಿಂದ ಸದ್ದಿಲ್ಲದೆ ಉಜ್ಜುತ್ತಿದ್ದಳು.

ಕಟ್ಟಿಸಿದ ಹಲ್ಲಿಗೆ ಅದನ್ನು ಮೊದಲು ಹಾಕಿಕೊಂಡವರ ದನಿ ಅಂಟಿಕೊಳ್ಳುತ್ತದೆ, ಆಮೇಲೆ ಯಾರು ಹಾಕಿಕೊಂಡರೂ ಆ ದನಿಯೇ ಬರುತ್ತದೆ ಎಂಬುದು ಹುಬ್ಬಳ್ಳಿಯಲ್ಲಿ ಯಾರಿಗೂ ಹೊಸದಲ್ಲ. ಹಲ್ಲಿನ ಸೆಟ್ ಮಾಡುವ ಈ ಕಾರ್ಖಾನೆಯನ್ನು ಶುರು ಮಾಡಿದವನು ಅಜ್ಜ. ಅವನು ಸತ್ತಾಗ ಅಪ್ಪ ತನ್ನ ಗಟ್ಟಿ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡು ಅಜ್ಜನ ಸೆಟ್ ಹಾಕಿಕೊಂಡ. ಇಪ್ಪತ್ತು ವರ್ಷ ಅಜ್ಜನ ದನಿಯಲ್ಲೇ ಕೆಲಸ ಹೇಳಿದ. ಅವನ ಸ್ವಂತ ದನಿಯನ್ನು ಕಸ್ತೂರಿ ಕೇಳಿದ್ದು ಅವನು ಸೆಟ್ ತೆಗೆದಿಟ್ಟು ಮಲಗುವಾಗ ಮಾತ್ರ, ಅದೂ ತೊದಲು. ಹೋದ ತಿಂಗಳು ಅಪ್ಪನೂ ತೀರಿಕೊಂಡ. ಇಂದು ಹನ್ನೊಂದಕ್ಕೆ ಕಸ್ತೂರಿಯ ಹಲ್ಲು ಕೀಳಲು ಡಾಕ್ಟರು ಬರುವವರಿದ್ದರು.

“ಹೆದರಬ್ಯಾಡವಾ,” ಎಂದ ಹಿರಿಯ ಕೆಲಸಗಾರ ಫಕೀರಪ್ಪ. “ಚಕ್ಕುಲಿ ತಿನ್ನಾಕ ಬರಂಗಿಲ್ಲ, ಅಷ್ಟ. ನಿನ್ನ ಇಲಿಮರಿ ದನಿಗೆ ನಮ್ಮ ಕೈ ಏಳಬೇಕಲ್ಲ?”

ಮೇಜಿನ ಸುತ್ತ ಕೂತಿದ್ದ ಉಳಿದ ನಾಲ್ವರು ಕೆಲಸಗಾರರೂ ನಕ್ಕರು.

ಶಾಲೆ ಬಿಟ್ಟ ದಿನದಿಂದ ಇದೇ ಮೇಜಿನ ಪಕ್ಕ ನಿಂತು ಕೆಲಸ ನೋಡಿದವಳು ಕಸ್ತೂರಿ. ಫಕೀರಪ್ಪ ಮೇಣದಲ್ಲಿ ಕೂರಿಸುತ್ತಿದ್ದ ಹಲ್ಲಿನ ಸಾಲು ಎಡಕ್ಕೆ ಎತ್ತರವಾಗಿದ್ದದ್ದು ಅವಳಿಗೆ ಕಂಡಿತು. ಅದನ್ನು ಹಾಕಿಕೊಂಡವರಿಗೆ ನೆಟ್ಟಗೆ ಬಾಯಿ ಮುಚ್ಚಲು ಬರುವುದಿಲ್ಲ. ಅವಳು ಅಜ್ಜನ ಸೆಟ್ಟನ್ನು ಒರೆಸಿ ಕಪಾಟಿನಲ್ಲಿಟ್ಟಳು. ಫೋನ್ ಮಾಡಿ ಡಾಕ್ಟರಿಗೆ “ಬರೂದು ಬ್ಯಾಡ್ರಿ” ಎಂದಳು. ಆಮೇಲೆ ಅಪ್ಪನ ಕುರ್ಚಿಯಲ್ಲಿ ಕೂತು, ತನ್ನದೇ ದನಿಯಲ್ಲಿ ಹೇಳಿದಳು:

“ಫಕೀರಪ್ಪ ಕಾಕಾ, ಎಡಗಡಿ ದವಡಿ ಹಲ್ಲು ಎತ್ತರ ಆಗ್ಯಾವ್ರಿ. ಒಂಚೂರು ತಗ್ಗಿಸ್ರಿ.”

ಫಕೀರಪ್ಪ ತಲೆ ಎತ್ತದೆ ಮುಂದಿನ ಹಲ್ಲನ್ನು ಮೇಣಕ್ಕೆ ಒತ್ತಿದ.