ಮಡಚಿಟ್ಟ ಮೂಲೆ

ಒಟಿಲಿ ಟೀಚರ್ ಮ್ಯೂಸಿಯಮ್ಮಿನ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಅಜ್ಜಿ ಗೆಸೀನಾ ಹೊಲಿದ ಕೌದಿಯನ್ನು ಯಾರೋ ತಲೆಕೆಳಗು ಮಾಡಿ ತೂಗುಹಾಕಿದ್ದರು. ಟೀಚರ್ ತಾವೇ ಒಳಕ್ಕೆ ಮಡಚಿ ಪಿನ್ನು ಚುಚ್ಚಿಟ್ಟಿದ್ದ ಕೆಳಗಿನ ಮೂಲೆ ಈಗ ಬಿಚ್ಚಿಕೊಂಡು ಮೇಲೆ ಬಂದಿತ್ತು. ಅದರತ್ತ ಒಂದು ಕೆಂಪು ಬಾಣ, ಬಾಣದ ಕೆಳಗೆ ಒಂದು ಚೀಟಿ: ‘ವಿನಯದ ಚೌಕ. ದೇವರೊಬ್ಬನೇ ಪರಿಪೂರ್ಣನೆಂದು ನಂಬಿದ್ದ ನಮ್ಮ ಮೊದಲ ತಾಯಂದಿರು ಪ್ರತಿ ಕೌದಿಯಲ್ಲೂ ಬೇಕೆಂದೇ ಒಂದು ತಪ್ಪು ಮಾಡುತ್ತಿದ್ದರು.’

ಅಮೆರಿಕ ಸ್ವತಂತ್ರವಾಗಿ ಇನ್ನೂರು ತುಂಬಿದ ವರ್ಷ ಅದು. ನೆಬ್ರಾಸ್ಕಾದ ನಮ್ಮ ಕಡೆ ಊರೂರಲ್ಲೂ ಸತ್ತುಹೋದ ಅಜ್ಜಿಯರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ಅಟ್ಟದಲ್ಲಿ ಇಲಿಗಳ ಪಾಲಾಗಿದ್ದ ಕೌದಿಗಳೆಲ್ಲ ಗೋಡೆ ಹತ್ತಿದ್ದವು. ಪ್ರತಿ ಗುರುವಾರ ನಾಲ್ಕನೇ ಕ್ಲಾಸಿನ ಮಕ್ಕಳು ಬಸ್ಸಿನಲ್ಲಿ ಬರುತ್ತಿದ್ದರು. ರಿಟೈರಾಗಿದ್ದ ಒಟಿಲಿ ಟೀಚರ್ ಕೌದಿಗಳನ್ನು ತೋರಿಸುತ್ತ, ಈ ಹುಲ್ಲುಗಾವಲಿಗೆ ಮೊದಲು ಬಂದು ಮಣ್ಣಿನ ಹೆಂಟೆ ಪೇರಿಸಿ ಮನೆ ಕಟ್ಟಿದ ಹೆಂಗಸರ ಕಥೆ ಹೇಳುತ್ತಿದ್ದರು.

ಚೀಟಿ ಬರೆಸಿದವನು ಮ್ಯೂಸಿಯಂ ಸಮಿತಿಯ ಅಧ್ಯಕ್ಷ ಲೊವೆಲ್. ಚಿಕ್ಕಂದಿನಲ್ಲಿ ಇದೇ ಟೀಚರ ಹತ್ತಿರ ಅಕ್ಷರ ತಿದ್ದಿದವನು.

“ಈ ಚೀಟಿ ಕೀಳು ಲೊವೆಲ್. ಇದು ಸುಳ್ಳು.”

ಲೊವೆಲ್ ನಕ್ಕ. ಎಲ್ಲ ಮ್ಯೂಸಿಯಮ್ಮಿನಲ್ಲೂ ಹೀಗೇ ಹೇಳುತ್ತಾರೆ, ಕೇಳಿದವರ ಕಣ್ಣು ಒದ್ದೆಯಾಗುತ್ತದೆ, ಅದರಲ್ಲಿ ಯಾರಿಗೇನು ನಷ್ಟ ಎಂದ. ಟೀಚರ್ ಹೇಳುವ ಕಥೆಗಳೇ ಈಗ ತಲೆನೋವಾಗಿವೆಯಂತೆ. ಹೋದ ವಾರ ಅವರು, ಶವಪೆಟ್ಟಿಗೆ ಮಾಡಲು ಹಲಗೆ ಸಿಗದೆ ಸತ್ತ ಕೂಸುಗಳನ್ನು ಕೌದಿಯಲ್ಲೇ ಸುತ್ತಿ ಮಣ್ಣು ಮಾಡುತ್ತಿದ್ದುದನ್ನು ಹೇಳಿದ್ದರು. ಅದನ್ನು ಕೇಳಿ ಮಗಳು ಊಟ ಬಿಟ್ಟಳೆಂದು ಒಬ್ಬ ತಾಯಿ ಫೋನು ಮಾಡಿ ಬೈದಿದ್ದಳು.

“ಇವತ್ತಿಂದ ಚೀಟೀಲಿ ಇರೋದಷ್ಟೇ ಹೇಳಿ ಟೀಚರ್. ಆಗಲ್ಲ ಅಂದ್ರೆ ಪಾದ್ರಿಗಳ ಹೆಂಡ್ತಿ ಇದ್ದಾರೆ, ಅವರು ಹೇಳ್ತಾರೆ.”

ಒಟಿಲಿ ಬಂದ ಸಿಟ್ಟನ್ನು ನುಂಗಿಕೊಂಡರು. ತಾವು ಬಿಟ್ಟರೆ ಗೆಸೀನಾಳ ಹೆಸರೆತ್ತುವವರೇ ಇಲ್ಲವೆಂದು ಅವರಿಗೆ ಗೊತ್ತಿತ್ತು. ಅಷ್ಟರಲ್ಲಿ ಮಕ್ಕಳು ಬಂದು ನೆಲದ ಮೇಲೆ ಕೂತವು. ಹಿಟ್ಟಿನ ಚೀಲ, ಹಳೇ ಅಂಗಿಯ ಅಂಚು, ಹರಿದ ಲಂಗ, ಇವನ್ನೆಲ್ಲ ಕತ್ತರಿಸಿ ನಕ್ಷತ್ರ ಮಾಡಿದ್ದನ್ನು ಟೀಚರ್ ತೋರಿಸಿದರು. ನಕ್ಷತ್ರದ ತುದಿಗೆ ತುದಿ ಹೇಗೆ ಕೂಡಿದೆ, ಎಲ್ಲೂ ಒಂದೆಳೆ ಆಚೀಚೆಯಾಗಿಲ್ಲ ನೋಡಿ ಎಂದರು. ಬಾಣವಿದ್ದ ಮೂಲೆಯ ಕಡೆ ಮಾತ್ರ ತಿರುಗಲಿಲ್ಲ. ಆದರೆ ಎರಡು ಜಡೆಯ ಡೀನಾ ಎಂಬ ರೈತರ ಹುಡುಗಿ ಚೀಟಿ ಓದಿಬಿಟ್ಟಿದ್ದಳು.

“ಮಿಸ್, ನಿಮ್ಮಜ್ಜಿ ನಿಜವಾಗ್ಲೂ ಬೇಕಂತಾನೇ ತಪ್ಪು ಹೊಲಿದ್ರಾ?”

ಬಾಗಿಲ ಬಳಿ ನಿಂತಿದ್ದ ಲೊವೆಲ್, ಎಲ್ಲವನ್ನೂ ತಾನೇ ಕಣ್ಣಾರೆ ಕಂಡವನ ಹಾಗೆ ತಲೆಯಾಡಿಸಿದ. ಅದನ್ನು ನೋಡಿ ಒಟಿಲಿಗೆ ಮೈಯೆಲ್ಲ ಉರಿದುಹೋಯಿತು. ಇಲ್ಲ ಎಂದರು. ಅಜ್ಜಿ ಈ ಕೌದಿ ಹೊಲಿಯುತ್ತಿದ್ದ ಚಳಿಗಾಲ ಗಂಡ ರೈಲು ಹಳಿಯ ಕೆಲಸಕ್ಕೆ ದೂರ ಹೋಗಿದ್ದ. ಮುಸುಕಿನ ಜೋಳ ಬಿಡಿಸುವ ಯಂತ್ರಕ್ಕೆ ಗೆಸೀನಾಳ ಬಲಗೈ ಸಿಕ್ಕಿ ಮೂರು ಬೆರಳು ಜಜ್ಜಿಹೋದವು. ತಾನೇ ಬಟ್ಟೆ ಸುತ್ತಿಕೊಂಡಳು. ಕೌದಿಗೆ ಇನ್ನೊಂದೇ ನಕ್ಷತ್ರ ಬಾಕಿ ಇತ್ತು. ಎಡಗೈಯಲ್ಲಿ ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ತುದಿಗಳು ಕೂಡಲೇ ಇಲ್ಲ. ಬಿಚ್ಚಿ ಬಿಚ್ಚಿ ಬಟ್ಟೆ ಪಿಸಿಯುತ್ತ ಬಂದಾಗ ಅಳುತ್ತಲೇ ಹಾಗೇ ಬಿಟ್ಟಳು. ಆಮೇಲೆ ಸೂಜಿ ಹಿಡಿಯಲಿಲ್ಲ.

“ವಿನಯವಂತೆ ವಿನಯ! ನಮ್ಮಜ್ಜಿಯಷ್ಟು ಜಂಭದ ಹೆಂಗಸು ಈ ಸೀಮೇಲೇ ಇರಲಿಲ್ಲ ಕಣ್ರೋ. ಸಾಯೋ ತನಕ ಈ ಮೂಲೇನ ಯಾರ ಕಣ್ಣಿಗೂ ಬೀಳದ ಹಾಗೆ ಹಾಸಿಗೆ ಕೆಳಗೆ ಮಡಚಿ ಇಡ್ತಿದ್ದಳು. ಹಾಸಿಗೆ ಹಾಸೋವಾಗ ನಾನು ಮರೆತ್ರೆ ಕೈ ಮೇಲೆ ಪಟ್ ಅಂತ ಬೀಳೋದು. ಅವಳು ಬದುಕಿಡೀ ಬಚ್ಚಿಟ್ಟಿದ್ದನ್ನ ಇವರು ಬಾಣ ಹಾಕಿ ತೋರಿಸ್ತಾರೆ.”

ಅಷ್ಟಕ್ಕೇ ನಿಲ್ಲದೆ ಬೆಂಚು ಎಳೆದು ಹತ್ತಿದರು. ಬಾಣವನ್ನು ಕಿತ್ತು, ಮೂಲೆಯನ್ನು ಹಿಂದಕ್ಕೆ ಮಡಚಿ, ತಮ್ಮ ತಲೆಯ ಪಿನ್ನನ್ನೇ ತೆಗೆದು ಸಿಕ್ಕಿಸಿದರು. ಲೊವೆಲ್ ಓಡಿಬಂದ. ಹಳೇ ಬಟ್ಟೆಯನ್ನು ಕೈಗವಸಿಲ್ಲದೆ ಮುಟ್ಟಬಾರದೆಂಬ ನಿಯಮ ನೆನಪಿಸಿದ. ಅದೇ ಕೌದಿ ಹೊದ್ದು ಬೆಳೆದವರಿಗೆ ಕೈಗವಸಿನ ಉಪದೇಶ! ಆಮೇಲೆ ದನಿ ತಗ್ಗಿಸಿ, ಮುಂದಿನ ಗುರುವಾರದಿಂದ ಅವರು ಬರುವುದು ಬೇಡ ಎಂದ. ಒಟಿಲಿ ಬೆಂಚಿನಿಂದ ಇಳಿದು ಕಿತ್ತ ಬಾಣವನ್ನು ಅವನ ಕೈಗಿಟ್ಟರು.

ಲೊವೆಲ್ ಮಕ್ಕಳ ಕಡೆ ತಿರುಗಿ ಚಪ್ಪಾಳೆ ತಟ್ಟಿದ. ಟೀಚರಿಗೆ ದಣಿವಾಗಿದೆ, ಎಲ್ಲರೂ ಏಳಿ, ಹಿಂದಿನ ಕೊಟ್ಟಿಗೆಯಲ್ಲಿರುವ ನೇಗಿಲು ನೋಡೋಣ ಎಂದ.

“ನಿಮ್ಮ ಮುತ್ತಾತಂದಿರು ಹೊಡೆದ ಸಾಲು ಅಂದ್ರೆ ಹಗ್ಗ ಹಿಡಿದ ಹಾಗೆ. ಒಂದೇ ಒಂದು ಸಾಲು ಸೊಟ್ಟ ಹೋಗ್ತಿರಲಿಲ್ಲ.”

ಮಕ್ಕಳು ಗದ್ದಲ ಮಾಡುತ್ತ ಎದ್ದವು. ಡೀನಾ ಮಾತ್ರ ಕೂತೇ ಇದ್ದಳು. ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

“ಯಾಕೆ ಸರ್, ಅವರಿಗೆ ದೇವರ ಭಯ ಇರಲಿಲ್ವಾ?”