ಪದಬಂಧದ ಕೆಳಗಿನ ಪ್ರಕಟಣೆ

ಪಕ್ಕದ ಮನೆಯ ವಿಷಯವನ್ನು ಹೀಗೆ ಬರೆಯಬಾರದೇನೋ, ಅದೂ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನನ್ನಂಥವನು. ತಪ್ಪಿದ್ದರೆ ಕ್ಷಮಿಸಿ.

ರುದ್ರಯ್ಯನವರ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದಕ್ಕೆ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು. ಹಾಗಾಗಿ ಬೆಳಿಗ್ಗೆ ಪೇಪರಿನ ಪದಬಂಧವನ್ನು ಹೆಂಡತಿ ಸರ್ವಮಂಗಳಮ್ಮ ಓದಬೇಕು, ಅವರು ಉತ್ತರ ಹೇಳಬೇಕು. ಆ ದಿನ ನಾನು ಪೇಪರ್ ಕೇಳಲು ಹೋಗಿ ಬಾಗಿಲಲ್ಲಿ ನಿಂತಿದ್ದೆ.

“ನಾನು ಬರೆಸಿ ನಿನ್ನ ಕೈಲಿ ಕಳಿಸಿದ ಪ್ರಕಟಣೆ ಬಂತಾ?” ಎಂದರು ರುದ್ರಯ್ಯ.

“ಬಂದಿದೆ. ಪದಬಂಧದ ಕೆಳಗೇ ಇದೆ.”

“ಗಟ್ಟಿಯಾಗಿ ಓದು. ಪಕ್ಕದ ಮನೆಯವನೂ ಕೇಳಲಿ.”

“‘ಬೇರೆ ಜಾತಿಯವನನ್ನು ಮದುವೆಯಾದ ಮಗಳು ನಂದಿನಿಗೂ ನಮಗೂ ಇಂದಿನಿಂದ ಯಾವ ಸಂಬಂಧವೂ ಇಲ್ಲ.’”

“ಹಾಂ! ಇನ್ನು ಪದಬಂಧ ಓದು.”

“ತನ್ನದನ್ನು ತನ್ನದಲ್ಲ ಎನ್ನುವುದು. ಐದು ಅಕ್ಷರ. ಮೊದಲನೆಯದು ‘ನಿ’.”

“ನಿರಾಕರಣೆ! ಇಷ್ಟು ವರ್ಷ ನನ್ನ ಜೊತೆ ಬಾಳಿ ಇದೂ ಗೊತ್ತಾಗಲ್ವೇನೇ ನಿನಗೆ?”

“ಈಗ ಗೊತ್ತಾಯ್ತು ಬಿಡಿ,” ಎಂದು ಆಕೆ ಆ ಮನೆಗಳನ್ನು ನಿಧಾನವಾಗಿ ತುಂಬಿದರು. ಪೇಪರ್ ಮಡಿಸಿ ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಂಗಡಿಗೆ ಇರಬೇಕು ಅಂದುಕೊಂಡೆ.

ಮನೆಗೆ ಬಂದು ಪೇಪರ್ ಬಿಡಿಸಿದೆ. ಪದಬಂಧದ ಕೆಳಗೆ ಇದ್ದದ್ದು ಒಂದೇ ಪ್ರಕಟಣೆ: ‘ಸರ್ವಮಂಗಳಮ್ಮ ಎಂಬ ನಾನು ಇಂದಿನಿಂದ ಮಗಳ ಮನೆಯಲ್ಲಿ ಇರುತ್ತೇನೆ. ಗಂಡ ರುದ್ರಯ್ಯನವರಿಗೂ ನನಗೂ ಯಾವ ಸಂಬಂಧವೂ ಇಲ್ಲ.’

ಅದನ್ನು ಕೊನೆಗೆ ಅವರಿಗೆ ಓದಿ ಹೇಳಿದವರು ಯಾರೋ, ನನಗೆ ಗೊತ್ತಿಲ್ಲ.