ದೇವರ ಪಾಲಿನ ದಾಸವಾಳ

ತ್ರಿವೇಣಮ್ಮನವರ ದಾಸವಾಳದ ಗಿಡ ಬೆಳಗಾಗುವಷ್ಟರಲ್ಲಿ ಬೋಳಾಗಿರುತ್ತಿತ್ತು. ಕಾಂಪೌಂಡಿನ ಆಚೆಯಿಂದ ಕೊಕ್ಕೆ ಹಾಕಿ ಹೂ ಕೀಳುವವಳು ಪಕ್ಕದ ಮನೆಯ ಅಂಬುಜಾಕ್ಷಿ ಎಂಬುದು ಬೀದಿಗೇ ಗೊತ್ತು. ಕೇಳಿದರೆ, "ದೇವರಿಗೆ ತಾನೇ" ಎನ್ನುತ್ತಿದ್ದಳು.

ದೇವರ ಹೆಸರು ಬಂದ ಮೇಲೆ ಜಗಳವಾಡುವಂತಿರಲಿಲ್ಲ. ಸಾಲದ್ದಕ್ಕೆ ತ್ರಿವೇಣಮ್ಮನವರಿಗೆ ಬಾಯಿಹುಣ್ಣು ಬೇರೆ. ಒಂದು ಸಂಜೆ ಉಪ್ಪುನೀರು ಮುಕ್ಕಳಿಸುತ್ತಾ ಹಿತ್ತಲಿಗೆ ಬಂದವರಿಗೆ ಉಪಾಯ ಹೊಳೆಯಿತು. ಮರುದಿನ ಅರಳಬೇಕಾಗಿದ್ದ ಮೊಗ್ಗುಗಳ ಮೇಲೆಲ್ಲ ಅದನ್ನು ಉಗುಳಿದರು. ಎಂಜಲು ಹೂ ಏರಿಸಿದವಳನ್ನು ಆ ದೇವರೇ ವಿಚಾರಿಸಿಕೊಳ್ಳಲಿ.

ಬೆಳಿಗ್ಗೆ ಗಿಡ ಎಂದಿನಂತೆ ಬೋಳು. ತ್ರಿವೇಣಮ್ಮನವರಿಗೆ ಅಂದು ಕಾಫಿ ಬಹಳ ರುಚಿಸಿತು.

ಮಧ್ಯಾಹ್ನ ಅಂಬುಜಾಕ್ಷಿ ಬಟ್ಟಲು ಹಿಡಿದು ಬಂದಳು.

"ನಿಮಗೆ ಬಾಯಿಹುಣ್ಣಂತಲ್ಲ. ದಾಸವಾಳದ ತಂಬುಳಿ ತಂದಿದೀನಿ. ಉಷ್ಣಕ್ಕೆ ತುಂಬಾ ಒಳ್ಳೇದು."

ತಂಬುಳಿಯ ಹೂ ಬೇರೆ ಯಾರ ಹಿತ್ತಲಿನದೋ, ಕೊಕ್ಕೆ ಹಾಕಲು ಇವಳಿಗೆ ಈ ಬೀದಿಯಲ್ಲಿ ಹಿತ್ತಲುಗಳಿಗೇನು ಬರವೇ ಎಂದುಕೊಂಡು ತ್ರಿವೇಣಮ್ಮ ಬಟ್ಟಲು ತೆಗೆದುಕೊಂಡರು. ತಣ್ಣನೆ ಮಜ್ಜಿಗೆ, ಜೀರಿಗೆಯ ಘಮ. ಅನ್ನಕ್ಕೂ ಕಾಯದೆ ಕುಡಿದು ಮುಗಿಸಿದರು. ಉರಿ ನಿಜಕ್ಕೂ ಇಳಿಯಿತು.

"ಚೆನ್ನಾಗಿತ್ತು ಕಣೇ" ಎಂದು ಬಾಯಿ ಒರೆಸಿಕೊಂಡು, ನಗು ತಡೆದುಕೊಂಡೇ ಕೇಳಿದರು, "ಪೂಜೆ ಆಯ್ತಾ ಇವತ್ತು?"

"ಆಯ್ತು, ಬರೀ ತುಳಸೀಲಿ. ನೀವು ನಿನ್ನೆ ಮೊಗ್ಗಿನ ಮೇಲೆ ಉಗುಳ್ತಿದ್ದದ್ದು ನಮ್ಮ ಕಿಟಕಿಯಿಂದ ಕಾಣಿಸ್ತು. ಎಂಜಲು ಹೂವನ್ನ ದೇವರಿಗೆ ಹ್ಯಾಗೆ ಏರಿಸಲಿ? ಅದಕ್ಕೇ ಅಷ್ಟನ್ನೂ ತಂಬುಳಿಗೆ ಹಾಕಿಬಿಟ್ಟೆ. ನಿಮ್ಮ ಎಂಜಲು ನಿಮಗೇನೂ ಮಾಡಲ್ಲ."